ವೈಫೈ ಇದೆ, ಇಂಟರ್‌ನೆಟ್ ಇಲ್ಲ: ವಿದೇಶದಲ್ಲಿ ಲ್ಯಾಪ್‌ಟಾಪ್‌ಗೆ ಸಂಪರ್ಕ ಪಡೆಯುವುದು ಹೇಗೆ?

ವೈಫೈ ಗುರುತು ಪೂರ್ತಿ ತುಂಬಿದೆ, ಲ್ಯಾಪ್‌ಟಾಪ್ ‘ಕನೆಕ್ಟೆಡ್’ ಎನ್ನುತ್ತಿದೆ, ಆದರೆ ಒಂದೇ ಒಂದು ಪುಟವೂ ತೆರೆಯುತ್ತಿಲ್ಲ. ಪರದೇಶದ ಹೋಟೆಲು, ವಿಮಾನ ನಿಲ್ದಾಣಗಳಲ್ಲಿ ಹೀಗೆ ಪೇಚಾಡುವವರನ್ನು ಎಷ್ಟೋ ಸಲ ನೋಡಿದ್ದೇನೆ. ಲ್ಯಾಪ್‌ಟಾಪನ್ನು ಮತ್ತೆ ಮತ್ತೆ ರೀಸ್ಟಾರ್ಟ್ ಮಾಡುತ್ತಾರೆ, ರಿಸೆಪ್ಷನ್‌ಗೆ ಇಳಿದು ಪಾಸ್‌ವರ್ಡ್ ಮತ್ತೊಮ್ಮೆ ಬರೆಸಿಕೊಂಡು ಬರುತ್ತಾರೆ, ಕೊನೆಗೆ ಕೈಚೆಲ್ಲಿ ದುಬಾರಿ ರೋಮಿಂಗ್ ಆನ್ ಮಾಡುತ್ತಾರೆ. ಬಹುತೇಕ ಸಲ ಲ್ಯಾಪ್‌ಟಾಪ್ ಸರಿಯಾಗಿಯೇ ಇರುತ್ತದೆ, ಹೋಟೆಲಿನ ವೈಫೈ ಕೂಡ. ಕಾಣಿಸಬೇಕಾದ ಲಾಗಿನ್ ಪುಟ ಕಾಣಿಸಿಕೊಂಡಿರುವುದಿಲ್ಲ, ಅಷ್ಟೆ. ಅದನ್ನು ಬರಿಸುವ ಬಗೆಯನ್ನು ನಾಲ್ಕನೇ ಹಂತದಲ್ಲಿ ವಿವರವಾಗಿ ಬರೆದಿದ್ದೇನೆ. ಅದಕ್ಕೂ ಮೊದಲು ಒಂದು ಮಾತು: ಹೋಟೆಲಿನ ವೈಫೈಯೊಂದನ್ನೇ ನಂಬಿ ಹೊರಡಬೇಡಿ. ಫೋನಿನ ಡೇಟಾ ಮುಖ್ಯ ದಾರಿಯಾಗಿರಲಿ, ವೈಫೈ ಎರಡನೆಯದು.

1. ಹೊರಡುವ ಮೊದಲು

ಇಂಟರ್‌ನೆಟ್ ಪಡೆಯಲು ಮಾಡಬೇಕಾದ ಬಹುತೇಕ ಕೆಲಸಗಳಿಗೆ ಇಂಟರ್‌ನೆಟ್ಟೇ ಬೇಕು. ಆದ್ದರಿಂದ ಇವನ್ನೆಲ್ಲ ಮನೆಯ ವೈಫೈ ಇರುವಾಗಲೇ ಮುಗಿಸಿಕೊಳ್ಳಿ.

ನಿಮ್ಮ ಫೋನಿಗೆ ಇ-ಸಿಮ್ (ಪ್ಲಾಸ್ಟಿಕ್ ಕಾರ್ಡಿಲ್ಲದೆ, ಡೌನ್‌ಲೋಡ್ ಮಾಡಿ ಹಾಕಿಕೊಳ್ಳುವ ಸಿಮ್) ಹಾಕಬಹುದೇ ಎಂದು ತಿಳಿಯಲು ಡಯಲ್ ಪ್ಯಾಡಿನಲ್ಲಿ *#06# ಒತ್ತಿ. ಐಎಂಇಐ ಜೊತೆಗೆ ಇಐಡಿ ಎಂಬ 32 ಅಂಕಿಗಳ ಸಂಖ್ಯೆಯೂ ಕಂಡರೆ ಹಾಕಬಹುದು. ಮೊಬೈಲ್ ಕಂಪನಿಯಿಂದ ಕಂತಿನಲ್ಲಿ ಕೊಂಡ ಫೋನಾದರೆ ಅದು ಆ ಕಂಪನಿಗೇ ಲಾಕ್ ಆಗಿದೆಯೇ ಎಂದೂ ನೋಡಿ. ಲಾಕ್ ಆದ ಫೋನಿನಲ್ಲಿ ಬೇರೆ ಯಾವ ಸಿಮ್ಮೂ ನಡೆಯದು.

ಪ್ರಯಾಣದ ಇ-ಸಿಮ್ ಮಾರುವ ಆ್ಯಪ್‌ಗಳು ಬೇಕಾದಷ್ಟಿವೆ. ಬೆಲೆ ನೋಡುವ ಮೊದಲು ಷರತ್ತುಗಳನ್ನು ನೋಡಿ. ಹಾಟ್‌ಸ್ಪಾಟ್ ಅಥವಾ ಟೆದರಿಂಗ್‌ಗೆ ಅವಕಾಶವಿದೆ ಎಂದು ಸ್ಪಷ್ಟವಾಗಿ ಬರೆದಿರಬೇಕು. ಬರೆದಿಲ್ಲದಿದ್ದರೆ ಕೊಳ್ಳಬೇಡಿ, ಫೋನಿನಲ್ಲಿ ಓಡುವ ಡೇಟಾ ಲ್ಯಾಪ್‌ಟಾಪ್‌ಗೆ ಬಾರದೆ ಹೋದರೆ ನಿಮಗೆ ಅದರಿಂದ ಉಪಯೋಗವಿಲ್ಲ. ‘ಅನ್‌ಲಿಮಿಟೆಡ್’ ಪ್ಯಾಕ್‌ಗಳನ್ನೂ ನಾನು ಬೇಡವೆನ್ನುತ್ತೇನೆ. ದಿನಕ್ಕೆ ಇಷ್ಟು ಎಂದು ಮುಗಿದ ಮೇಲೆ ವೇಗ ಇಳಿಸುವ ಷರತ್ತು ಅವುಗಳಲ್ಲಿ ಸಾಮಾನ್ಯ. ಆ ವೇಗದಲ್ಲಿ ಮೆಸೇಜ್ ಹೋಗುತ್ತದೆ, ಲ್ಯಾಪ್‌ಟಾಪಿನ ಕೆಲಸ ಸಾಗುವುದಿಲ್ಲ. ಇಷ್ಟು ಜಿಬಿ ಎಂದು ಲೆಕ್ಕ ಹೇಳಿ ಮಾರುವ ಪ್ಯಾಕ್ ತೆಗೆದುಕೊಳ್ಳಿ.

ಇ-ಸಿಮ್ ಇನ್‌ಸ್ಟಾಲ್ ಮಾಡಲು ಬರುವ ಕ್ಯೂಆರ್ ಕೋಡನ್ನು ಸಾಮಾನ್ಯವಾಗಿ ಒಂದೇ ಸಲ ಬಳಸಬಹುದು. ಲ್ಯಾಪ್‌ಟಾಪಿನ ಪರದೆಯ ಮೇಲೆ ತೆರೆದು ಫೋನಿನಿಂದ ಸ್ಕ್ಯಾನ್ ಮಾಡಿ. ಅವಧಿ ಇನ್‌ಸ್ಟಾಲ್ ಮಾಡಿದ ಗಳಿಗೆಯಿಂದಲೇ ಶುರುವೋ, ಅಲ್ಲಿನ ನೆಟ್‌ವರ್ಕ್ ಸಿಕ್ಕ ಮೇಲೋ ಎಂಬುದು ಪ್ಯಾಕಿನಿಂದ ಪ್ಯಾಕಿಗೆ ಬೇರೆ, ಅದನ್ನೂ ಓದಿಕೊಳ್ಳಿ. ಅಲ್ಲಿಗೆ ಹೋದ ಮೇಲೆ ಸಂಪರ್ಕ ಸಿಗಲಿಲ್ಲವೆಂದು ಇ-ಸಿಮ್ ಅನ್ನು ಡಿಲೀಟ್ ಮಾಡಲೇಬೇಡಿ. ಅನೇಕರು ಸಿಟ್ಟಿನಲ್ಲಿ ಮಾಡುವ ಕೆಲಸವಿದು. ಡಿಲೀಟ್ ಆದದ್ದನ್ನು ಅದೇ ಕೋಡಿನಿಂದ ಮತ್ತೆ ಹಾಕಲು ಬರುವುದಿಲ್ಲ, ಹೊಸದು ತರಿಸಲು ಇಂಟರ್‌ನೆಟ್ ಇರುವುದಿಲ್ಲ.

ಇನ್ನು ಒಟಿಪಿ. ಹೊಸ ದೇಶದಿಂದ ಲಾಗಿನ್ ಆದರೆ ಮೇಲ್ ಖಾತೆ ‘ಇದು ನೀವೇನಾ’ ಎಂದು ಕೇಳುವುದುಂಟು, ಬ್ಯಾಂಕಂತೂ ಕೇಳಿಯೇ ಕೇಳುತ್ತದೆ. ಊರಿನ ಸಿಮ್ ಫೋನಿನಲ್ಲೇ ಇರಲಿ, ಹೊರದೇಶದಲ್ಲಿ ಎಸ್‌ಎಂಎಸ್ ಬರುವಂತೆ ಕಂಪನಿಯಲ್ಲಿ ಹೇಳಿ ಮಾಡಿಸಿಕೊಳ್ಳಿ. ಗೂಗಲ್ ಖಾತೆಗೆ ಎರಡು ಹಂತದ ಲಾಗಿನ್ ಇಟ್ಟುಕೊಂಡವರಿಗೆ 8 ಅಂಕಿಗಳ 10 ಬ್ಯಾಕಪ್ ಕೋಡುಗಳು ಸಿಗುತ್ತವೆ. ಅವನ್ನು ಕಾಗದದ ಮೇಲೆ ಬರೆದು ಪಾಸ್‌ಪೋರ್ಟ್ ಇಡುವ ಜಾಗದಲ್ಲಲ್ಲ, ಬೇರೆ ಚೀಲದಲ್ಲಿಡಿ. ಅಥೆಂಟಿಕೇಟರ್ ಆ್ಯಪ್ ಇನ್ನೂ ಒಳ್ಳೆಯದು. ಅದು ಗಡಿಯಾರದ ಸಮಯದಿಂದ ಕೋಡ್ ತಯಾರಿಸುವುದರಿಂದ ಅದಕ್ಕೆ ನೆಟ್‌ವರ್ಕೇ ಬೇಡ.

ವಿದ್ಯಾರ್ಥಿಗಳು, ಪ್ರಾಧ್ಯಾಪಕರು ನಿಮ್ಮ ಸಂಸ್ಥೆ ಎಡುರೋಮ್ ಜಾಲದಲ್ಲಿದೆಯೇ ಎಂದು ಕೇಳಿ. ಇದ್ದರೆ ಲ್ಯಾಪ್‌ಟಾಪಿನಲ್ಲಿ ಅದನ್ನು ಹೊಂದಿಸಿಕೊಂಡು, ಕ್ಯಾಂಪಸ್ಸಿನಲ್ಲೇ ಒಮ್ಮೆ ಜೋಡಿಸಿ ನೋಡಿ. ಆಮೇಲೆ ಲೋಕದ ನೂರಕ್ಕೂ ಹೆಚ್ಚು ದೇಶಗಳ ವಿಶ್ವವಿದ್ಯಾಲಯಗಳಲ್ಲಿ ನಿಮ್ಮದೇ ಯೂಸರ್‌ನೇಮ್, ಪಾಸ್‌ವರ್ಡಿನಿಂದ ಪುಕ್ಕಟೆ ವೈಫೈ ಸಿಗುತ್ತದೆ.

2. ಇಳಿದ ಕೂಡಲೇ

ಇ-ಸಿಮ್‌ನ ಲೈನ್ ಆನ್ ಮಾಡಿ, ಮೊಬೈಲ್ ಡೇಟಾಗೆ ಅದನ್ನೇ ಆರಿಸಿ. ಇ-ಸಿಮ್‌ನ ಡೇಟಾ ರೋಮಿಂಗ್ ಆನ್ ಇರಬೇಕು, ಊರಿನ ಸಿಮ್‌ನದು ಆಫ್ ಇರಬೇಕು. ರೋಮಿಂಗ್ ಎಂದರೆ ಭಯಪಟ್ಟು ಎರಡನ್ನೂ ಆಫ್ ಮಾಡಿಕೊಂಡು ‘ಇ-ಸಿಮ್ ಕೆಲಸ ಮಾಡುತ್ತಿಲ್ಲ’ ಎನ್ನುವವರೇ ಹೆಚ್ಚು. ಪ್ರಯಾಣದ ಇ-ಸಿಮ್‌ಗಳು ಎಷ್ಟೋ ಸಲ ಮೂರನೇ ಯಾವುದೋ ದೇಶದ ಕಂಪನಿಯವು. ನೀವು ಹೋದಲ್ಲೆಲ್ಲ ಅವು ರೋಮಿಂಗ್‌ನಲ್ಲೇ ಇರುತ್ತವೆ. ಐಫೋನಿನಲ್ಲಿ ಒಂದು ಸಿಮ್ಮಿಗೆ ಸಿಗ್ನಲ್ ಕಡಿಮೆಯಾದರೆ ಡೇಟಾವನ್ನು ಇನ್ನೊಂದಕ್ಕೆ ಬದಲಿಸುವ ಆಯ್ಕೆಯೊಂದಿದೆ, ಅದನ್ನೂ ಆಫ್ ಮಾಡಿ. ಇಷ್ಟಾದರೂ ಡೇಟಾ ಬಾರದಿದ್ದರೆ ಮಾರಿದವರು ಕೊಟ್ಟ ಎಪಿಎನ್ ಹೆಸರನ್ನು (ಫೋನು ಡೇಟಾ ಜಾಲಕ್ಕೆ ಸೇರಲು ಬಳಸುವ ಹೆಸರು) ಸೆಟ್ಟಿಂಗ್‌ನಲ್ಲಿ ಕೈಯಾರೆ ತುಂಬಿ.

ವಾರಗಟ್ಟಲೆ ಇರುವವರು ಪಾಸ್‌ಪೋರ್ಟ್ ತೋರಿಸಿ ಅಲ್ಲಿನದೇ ಸಿಮ್ ಕೊಳ್ಳುವುದು ಲೇಸು. ಯುರೋಪಿಗೆ ಹೋಗುವವರಿಗೆ ಇದರಿಂದ ಇನ್ನೊಂದು ಅನುಕೂಲ. 2017ರ ಜೂನ್ 15ರಿಂದ ಐರೋಪ್ಯ ಒಕ್ಕೂಟದ ಒಂದು ದೇಶದ ಸಿಮ್ ಒಕ್ಕೂಟದ ಉಳಿದ ದೇಶಗಳಲ್ಲೂ ಹೆಚ್ಚುವರಿ ಶುಲ್ಕವಿಲ್ಲದೆ, ಒಂದು ಮಿತಿಯೊಳಗೆ ನಡೆಯುತ್ತದೆ. ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿಲ್ಲ, ಬ್ರಿಟನ್ ಈಗ ಇಲ್ಲ. ರೈಲಿನಲ್ಲಿ ಗಡಿ ದಾಟುವ ಮೊದಲು ನಿಮ್ಮ ಪ್ಯಾಕಿನಲ್ಲಿ ಅವು ಸೇರಿವೆಯೇ ನೋಡಿಕೊಳ್ಳಿ.

ಯುಎಸ್‌ಬಿ ಡೇಟಾ ಡಾಂಗಲ್‌ಗಳನ್ನು ಮಾತ್ರ ಕೊಳ್ಳಬೇಡಿ. ಒಂದೇ ಕಂಪನಿಗೆ ಲಾಕ್ ಆದವು, ಮುಂದಿನ ದೇಶದ ಬ್ಯಾಂಡುಗಳೇ ಇಲ್ಲದವು ಅವುಗಳಲ್ಲಿ ತುಂಬ.

3. ಫೋನಿನಿಂದ ಲ್ಯಾಪ್‌ಟಾಪ್‌ಗೆ

ಹಾಟ್‌ಸ್ಪಾಟ್ ಆನ್ ಮಾಡಿ, ಲ್ಯಾಪ್‌ಟಾಪಿನಲ್ಲಿ ಆ ಹೆಸರು ಆರಿಸಿ, ಪಾಸ್‌ವರ್ಡ್ ಕೊಡಿ. ಹೆಸರು ಕಾಣದಿದ್ದರೆ ಐಫೋನಿನಲ್ಲಿ ಹಾಟ್‌ಸ್ಪಾಟಿನ ಪುಟವನ್ನು ತೆರೆದೇ ಇಟ್ಟು, ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಆನ್ ಮಾಡಿ; ಆಂಡ್ರಾಯ್ಡ್‌ನಲ್ಲಿ ಬ್ಯಾಂಡನ್ನು 2.4 ಗಿಗಾಹರ್ಟ್ಜ್‌ಗೆ ಬದಲಿಸಿ.

ಒಂದೆಡೆ ಕೂತು ಕೆಲಸ ಮಾಡುವುದಾದರೆ ಯುಎಸ್‌ಬಿ ಕೇಬಲ್ಲೇ ಮೇಲು. ಸಂಪರ್ಕ ಕಡಿಯುವುದಿಲ್ಲ, ಫೋನಿನ ಬ್ಯಾಟರಿಯೂ ಇಳಿಯುವುದಿಲ್ಲ. ಆದರೆ ವಿಂಡೋಸ್ ಲ್ಯಾಪ್‌ಟಾಪಿಗೆ ಐಫೋನ್ ಜೋಡಿಸಲು ಆ್ಯಪಲ್‌ನ ಡ್ರೈವರ್ ಬೇಕು, ಎಲ್ಲ ಆಂಡ್ರಾಯ್ಡ್ ಫೋನುಗಳೂ ಮ್ಯಾಕ್‌ಗೆ ಕೇಬಲ್ಲಿನಿಂದ ಒಗ್ಗುವುದಿಲ್ಲ. ಇದನ್ನೂ ಮನೆಯಲ್ಲೇ ಪರೀಕ್ಷಿಸಿಕೊಂಡಿರಬೇಕು.

ಜೋಡಿಸಿದ ತಕ್ಷಣ, ಮೇಲ್ ತೆರೆಯುವುದಕ್ಕೂ ಮೊದಲು, ವಿಂಡೋಸ್‌ನಲ್ಲಿ ಆ ವೈಫೈನ ಪ್ರಾಪರ್ಟೀಸ್‌ಗೆ ಹೋಗಿ ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿ. ಮ್ಯಾಕ್‌ನಲ್ಲಿ ಇದೇ ಕೆಲಸಕ್ಕೆ ‘ಲೋ ಡೇಟಾ ಮೋಡ್’ ಇದೆ. ಲ್ಯಾಪ್‌ಟಾಪಿಗೆ ಇದು ಹಾಟ್‌ಸ್ಪಾಟೋ ಮನೆಯ ವೈಫೈಯೋ ಎಂಬುದು ಸದಾ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೆ ಅಪ್‌ಡೇಟ್, ಫೋಟೊ ಬ್ಯಾಕಪ್, ಕ್ಲೌಡ್ ಸಿಂಕ್ ಎಲ್ಲವನ್ನೂ ಒಟ್ಟಿಗೆ ಶುರುಮಾಡುತ್ತದೆ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಒಂದೇ ಕೆಲವು ಜಿಬಿ ನುಂಗಬಲ್ಲದು. ಕ್ಲೌಡ್ ಸಿಂಕ್ ಆ್ಯಪ್‌ಗಳನ್ನು ಪ್ರತ್ಯೇಕವಾಗಿ ‘ಪಾಜ್’ ಮಾಡಿ, ಅಂದರೆ ತಾತ್ಕಾಲಿಕವಾಗಿ ನಿಲ್ಲಿಸಿ. ವಿಡಿಯೊ ಕಾಲ್‌ಗೆ ಗಂಟೆಗೆ 1 ಜಿಬಿ ಆಸುಪಾಸು, ಎಚ್‌ಡಿ ಸಿನಿಮಾಗೆ ಸುಮಾರು 3 ಜಿಬಿ ಎಂಬ ಲೆಕ್ಕ ತಲೆಯಲ್ಲಿರಲಿ.

4. ವೈಫೈ ಲಾಗಿನ್ ಪುಟ ಬಾರದಿದ್ದರೆ

ಹೆಚ್ಚಿನವರು ಸೋಲುವುದು ಇಲ್ಲೇ. ಮೊದಲು ಇದು ನಡೆಯುವ ಬಗೆ ತಿಳಿಯಿರಿ. ಹೋಟೆಲಿನ ವೈಫೈ ಗೇಟಿನಲ್ಲಿ ನಿಂತ ಕಾವಲುಗಾರನಂತೆ: ನೀವು ಯಾವ ತಾಣ ಕೇಳಿದರೂ ತಡೆದು, ಬದಲಿಗೆ ತನ್ನ ಲಾಗಿನ್ ಪುಟ ಕೊಡುತ್ತದೆ. ಹೆಸರು, ಕೋಣೆಯ ಸಂಖ್ಯೆ ಬರೆದು ಒಪ್ಪಿಗೆ ಒತ್ತಿದ ಮೇಲೆ ದಾರಿ ಬಿಡುತ್ತದೆ. ಹೀಗೆ ನಡುವೆ ಬಂದು ಪುಟ ಬದಲಿಸಲು ಆಗುವುದು ಗೂಢಲಿಪಿಯ ರಕ್ಷಣೆಯಿಲ್ಲದ ಹಳೆಯ ಎಚ್‌ಟಿಟಿಪಿ ತಾಣಗಳಲ್ಲಿ ಮಾತ್ರ. ಇಂದು ನಾವು ತೆರೆಯುವ ತಾಣಗಳು ಹೆಚ್ಚುಕಡಿಮೆ ಎಲ್ಲವೂ ಆ ರಕ್ಷಣೆಯಿರುವ ಎಚ್‌ಟಿಟಿಪಿಎಸ್. ಅಲ್ಲಿ ಬೇರೆಯವರ ಪುಟ ಬಂದರೆ ಬ್ರೌಸರ್ ಒಪ್ಪುವುದಿಲ್ಲ, ಒಪ್ಪಲೂಬಾರದು. ಹೀಗಾಗಿ ನೀವು ಮೇಲ್ ತೆರೆಯಲು ಹೋದರೆ ಖಾಲಿ ಪುಟವೋ ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆಯೋ ಕಾಣುತ್ತದೆ, ಲಾಗಿನ್ ಪುಟ ಬರುವುದೇ ಇಲ್ಲ. ಆ ಎಚ್ಚರಿಕೆಯನ್ನು ದಾಟಿ ‘ಮುಂದುವರಿಸು’ ಎಂದು ಒತ್ತಬೇಡಿ. ಬ್ಯಾಂಕ್, ಮೇಲ್ ಪುಟಗಳಲ್ಲಿ ಎಂದೂ ಬೇಡ.

ಮೊದಲ ಕೆಲಸ, ವಿಪಿಎನ್ (ನಿಮ್ಮ ಇಂಟರ್‌ನೆಟ್ ಓಡಾಟವನ್ನು ಗೂಢಲಿಪಿಯಲ್ಲಿ ಬೇರೊಂದು ಸರ್ವರ್ ಮೂಲಕ ಕಳಿಸುವ ಆ್ಯಪ್) ಆಫ್ ಮಾಡುವುದು. ಲಾಗಿನ್ ಆಗದೆ ವೈಫೈ ವಿಪಿಎನ್‌ಗೆ ದಾರಿ ಬಿಡುವುದಿಲ್ಲ, ವಿಪಿಎನ್ ಜೋಡಿಸಿಕೊಳ್ಳದೆ ಉಳಿದ ಯಾವುದನ್ನೂ ಹೊರಗೆ ಬಿಡುವುದಿಲ್ಲ. ಎರಡೂ ಒಂದನ್ನೊಂದು ಕಾಯುತ್ತ ನಿಂತಿರುತ್ತವೆ. ಕಚೇರಿಯ ಲ್ಯಾಪ್‌ಟಾಪಿನಲ್ಲಿ ವಿಪಿಎನ್ ಆಫ್ ಮಾಡಲು ಬಾರದಿದ್ದರೆ ಇಂಥ ವೈಫೈ ಬಳಸುವುದು ಹೇಗೆಂದು ಐಟಿ ವಿಭಾಗದವರನ್ನು ಹೊರಡುವ ಮೊದಲೇ ಕೇಳಿ. ದಾರಿಯಿಲ್ಲ ಎಂದರೆ ನಿಮಗೆ ಫೋನಿನ ಹಾಟ್‌ಸ್ಪಾಟೇ ಗತಿ, ಅದಕ್ಕೆ ತಕ್ಕಷ್ಟು ಡೇಟಾ ಕೊಳ್ಳಿ.

ಎರಡನೆಯದು ಡಿಎನ್‌ಎಸ್, ಅಂದರೆ ತಾಣದ ಹೆಸರಿಗೆ ತಕ್ಕ ಸಂಖ್ಯೆಯ ವಿಳಾಸ ಹುಡುಕಿಕೊಡುವ ಸೇವೆ. ವೇಗ ಹೆಚ್ಚುತ್ತದೆಂದು ಯಾರೋ ಹೇಳಿದ್ದಕ್ಕೆ 8.8.8.8 ಅಥವಾ 1.1.1.1 ಎಂದು ಎಂದೋ ಹಾಕಿ ಮರೆತಿರುತ್ತೀರಿ. ಎಷ್ಟೋ ಹೋಟೆಲುಗಳ ಲಾಗಿನ್ ಪುಟದ ವಿಳಾಸ ಆ ಹೋಟೆಲಿನ ಡಿಎನ್‌ಎಸ್‌ಗೆ ಮಾತ್ರ ಗೊತ್ತಿರುತ್ತದೆ. ವೈಫೈ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಅನ್ನು ‘ಆಟೊಮ್ಯಾಟಿಕ್’ಗೆ ತನ್ನಿ, ಬ್ರೌಸರಿನ ‘ಸೆಕ್ಯೂರ್ ಡಿಎನ್‌ಎಸ್’ ಅನ್ನೂ ಸ್ವಲ್ಪ ಹೊತ್ತು ಆಫ್ ಮಾಡಿ.

ಈಗ ಬ್ರೌಸರಿನಲ್ಲಿ ಹೊಸ ಖಾಸಗಿ ವಿಂಡೋ ತೆರೆದು ‘ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್’ (http://neverssl.com) ಎಂಬ ವಿಳಾಸವನ್ನು, ಮುಂದೆ ಎಸ್ ಇಲ್ಲದ ಎಚ್‌ಟಿಟಿಪಿ ಹಾಕಿ, ಟೈಪ್ ಮಾಡಿ. ಎಚ್‌ಟಿಟಿಪಿಎಸ್ ಬಳಸದೆ ಇದೇ ಕೆಲಸಕ್ಕೆಂದೇ ಮಾಡಿಟ್ಟ ತಾಣವಿದು. ‘ಎಕ್ಸಾಂಪಲ್ ಡಾಟ್ ಕಾಮ್’ ಕೂಡ ಆದೀತು. ಬಹುತೇಕರಿಗೆ ಲಾಗಿನ್ ಪುಟ ಇಲ್ಲಿ ಬಂದೇ ಬರುತ್ತದೆ.

ಬರಲಿಲ್ಲವೇ? ಗೇಟ್‌ವೇ, ಅಂದರೆ ಹೋಟೆಲಿನ ರೌಟರಿನ ವಿಳಾಸಕ್ಕೆ ನೇರವಾಗಿ ಹೋಗಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ (ipconfig) ಎಂದು ಕೊಟ್ಟರೆ ‘ಡಿಫಾಲ್ಟ್ ಗೇಟ್‌ವೇ’ ಎದುರು 192.168.1.1ರಂಥ ಸಂಖ್ಯೆ ಕಾಣುತ್ತದೆ. ಮ್ಯಾಕ್‌ನಲ್ಲಿ ವೈಫೈ ವಿವರಗಳಲ್ಲಿ ‘ರೌಟರ್’ ಎಂದಿರುತ್ತದೆ. ಆ ಸಂಖ್ಯೆಯನ್ನೇ ವಿಳಾಸದ ಜಾಗದಲ್ಲಿ ಹಾಕಿ ಎಂಟರ್ ಒತ್ತಿ. ಅದೂ ಆಗದಿದ್ದರೆ ನೆಟ್‌ವರ್ಕನ್ನು ‘ಫರ್ಗೆಟ್’ ಮಾಡಿ ಮತ್ತೆ ಜೋಡಿಸಿ, ಲ್ಯಾಪ್‌ಟಾಪಿನ ದಿನಾಂಕ ಸರಿಯಿದೆಯೇ ನೋಡಿ. ದಿನಾಂಕ ತಪ್ಪಿದ್ದರೆ ಎಚ್‌ಟಿಟಿಪಿಎಸ್ ಪುಟಗಳು ತೆರೆಯುವುದೇ ಇಲ್ಲ.

ಮ್ಯಾಕ್‌ನಲ್ಲಿ ಲಾಗಿನ್‌ಗೆಂದು ಪುಟ್ಟ ಕಿಟಕಿಯೊಂದು ತಾನಾಗಿ ತೆರೆದುಕೊಳ್ಳುತ್ತದೆ. ಜಾಹೀರಾತು ಎಂದುಕೊಂಡು ಅದನ್ನು ಮುಚ್ಚಬೇಡಿ, ಮುಚ್ಚಿದರೆ ವೈಫೈ ಸಂಪರ್ಕವೂ ಕಡಿಯಬಹುದು.

ಒಮ್ಮೆ ಲಾಗಿನ್ ಆಗಿಯೂ ಮರುದಿನ ಮತ್ತೆ ಕೇಳಿದರೆ, ‘ಸಾಧನಗಳ ಮಿತಿ ಮುಗಿದಿದೆ’ ಎಂದರೆ, ಕಾರಣ ಹಾರ್ಡ್‌ವೇರ್ ವಿಳಾಸ, ಅಂದರೆ ವೈಫೈ ಜಾಲಕ್ಕೆ ನಿಮ್ಮ ಸಾಧನ ತೋರಿಸುವ ಗುರುತಿನ ಸಂಖ್ಯೆ. ಗೋಪ್ಯತೆಗಾಗಿ ಇಂದಿನ ಸಾಧನಗಳು ಈ ವಿಳಾಸವನ್ನು ಬದಲಿಸಬಲ್ಲವು. ವಿಂಡೋಸ್‌ನಲ್ಲಿ ದಿನಕ್ಕೊಂದು ವಿಳಾಸ ಎಂಬ ಆಯ್ಕೆಯೇ ಇದೆ. ಹೋಟೆಲು ನಿಮ್ಮನ್ನು ಗುರುತಿಸುವುದು ಅದೇ ವಿಳಾಸದಿಂದ. ಅಲ್ಲಿರುವಷ್ಟು ದಿನ ಆ ನೆಟ್‌ವರ್ಕಿಗೆ ಮಾತ್ರ ವಿಳಾಸ ಬದಲಿಸುವ ಆಯ್ಕೆಯನ್ನು ಆಫ್ ಮಾಡಿ. ಒಂದೇ ಸಾಧನಕ್ಕೆ ಅವಕಾಶವಿದ್ದರೆ ಲ್ಯಾಪ್‌ಟಾಪಿನಲ್ಲಿ ಲಾಗಿನ್ ಆಗಿ, ವಿಂಡೋಸ್‌ನ ‘ಮೊಬೈಲ್ ಹಾಟ್‌ಸ್ಪಾಟ್’ ಮೂಲಕ ಫೋನಿಗೂ ಹಂಚಿ.

ಫೋನಿಗೆ ಕಾಣುವ ವೈಫೈ ಲ್ಯಾಪ್‌ಟಾಪಿಗೆ ಕಾಣದೇ ಇರುವುದೂ ಉಂಟು. ಅಮೆರಿಕದಲ್ಲಿ 2.4 ಗಿಗಾಹರ್ಟ್ಜ್‌ನ 1ರಿಂದ 11ರವರೆಗಿನ ಚಾನೆಲ್‌ಗಳನ್ನಷ್ಟೇ ಬಳಸುವ ರೂಢಿ. ಅಲ್ಲಿಗೆಂದು ತಯಾರಾದ ಲ್ಯಾಪ್‌ಟಾಪ್ ಬೇರೆಡೆ 12 ಅಥವಾ 13ರಲ್ಲಿರುವ ವೈಫೈಯನ್ನು ಹಿಡಿಯದಿರಬಹುದು. ಅಂಥಲ್ಲಿ 5 ಗಿಗಾಹರ್ಟ್ಜ್‌ನ ಹೆಸರಿದೆಯೇ ಕೇಳಿ, ಇಲ್ಲವೇ ಕೋಣೆಯ ಗೋಡೆಯಲ್ಲಿ ನೆಟ್‌ವರ್ಕ್ ಸಾಕೆಟ್ ಹುಡುಕಿ. ತೆಳುವಾದ ಲ್ಯಾಪ್‌ಟಾಪುಗಳಲ್ಲಿ ಕೇಬಲ್ ಸಿಕ್ಕಿಸುವ ಜಾಗವಿಲ್ಲದ್ದರಿಂದ ಯುಎಸ್‌ಬಿ ಈಥರ್‌ನೆಟ್ ಅಡಾಪ್ಟರ್ ಒಂದನ್ನು ಚೀಲದಲ್ಲಿಟ್ಟುಕೊಳ್ಳುವುದು ನನಗೆ ಕಡ್ಡಾಯ.

5. ಜೋಡಿಸಿದ ಮೇಲೆ

ವಿಪಿಎನ್ ಮತ್ತೆ ಆನ್ ಮಾಡಿ. ವಿಂಡೋಸ್‌ನಲ್ಲಿ ‘ಪಬ್ಲಿಕ್ ನೆಟ್‌ವರ್ಕ್’ ಆರಿಸಿ. ವೈಫೈ ಹೆಸರನ್ನು ಮೊದಲೇ ಸಿಬ್ಬಂದಿಯಿಂದ ಕೇಳಿ ತಿಳಿದುಕೊಳ್ಳಿ, ಅದೇ ಹೆಸರನ್ನು ಹೋಲುವ ನಕಲಿಯನ್ನು ಯಾರು ಬೇಕಾದರೂ ಎಬ್ಬಿಸಬಹುದು. ಕೋಣೆ ಬಿಡುವಾಗ ‘ಫರ್ಗೆಟ್’ ಮಾಡಿ.

ಚೀನಾಕ್ಕೆ ಹೋಗುವವರು ಗೂಗಲ್, ವಾಟ್ಸ್‌ಆ್ಯಪ್, ಫೇಸ್‌ಬುಕ್ ಅಲ್ಲಿನ ವೈಫೈಯಲ್ಲಿ ತೆರೆಯುವುದಿಲ್ಲ ಎಂದು ತಿಳಿದೇ ಹೊರಡಿ. ವಿಪಿಎನ್ ಇಳಿಸಿಕೊಳ್ಳುವ ತಾಣಗಳಿಗೂ ಅಲ್ಲಿ ತಡೆಯಿದೆ. ಹೊರಗಿನ ಸಿಮ್‌ನ ರೋಮಿಂಗ್ ಡೇಟಾ ಸಾಮಾನ್ಯವಾಗಿ ಆ ಸಿಮ್ ಕಂಪನಿಯ ಜಾಲದ ಮೂಲಕವೇ ಹೋಗುವುದರಿಂದ ಅದರಲ್ಲಿ ಇವು ತೆರೆಯುತ್ತವೆ. ಅಲ್ಲಿಗೆ ಇ-ಸಿಮ್ಮೇ ಸರಿ. ವಿಪಿಎನ್ ಬಳಕೆಗೆ ಕಾನೂನಿನ ನಿರ್ಬಂಧವಿರುವ ದೇಶಗಳೂ ಇವೆ, ಹೋಗುವ ದೇಶದ ನಿಯಮ ಮೊದಲೇ ಓದಿಕೊಳ್ಳಿ.

ಪ್ರವಾಸದಲ್ಲಿ ಫೆರ್ರಿ ಅಥವಾ ಕ್ರೂಸ್ ಹಡಗು ಇದ್ದರೆ ಇನ್ನಷ್ಟು ಎಚ್ಚರ ಬೇಕು. ದಡದ ಸಿಗ್ನಲ್ ತಪ್ಪಿದ ಕೂಡಲೇ ಫೋನು ಹಡಗಿನ ಉಪಗ್ರಹ ಜಾಲವನ್ನು ತಾನಾಗಿ ಹಿಡಿಯುತ್ತದೆ. ಸಾಮಾನ್ಯ ರೋಮಿಂಗ್ ಪ್ಯಾಕ್‌ಗಳಲ್ಲಿ ಅದು ಸೇರಿರುವುದಿಲ್ಲ, ದರವೂ ವಿಪರೀತ. ಹಡಗು ಹತ್ತುವಾಗಲೇ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಬೇಕಿದ್ದರೆ ವೈಫೈ ಮಾತ್ರ ಆನ್ ಮಾಡಿಕೊಳ್ಳಿ.