13ನೇ ಬಾರ್‌ನಲ್ಲಿ ಕಳೆದ ಐದು ತಿಂಗಳು

ಪಿಯಾನೊ ಕಲಿಯಲು ಶುರುಮಾಡಿ ನಾಲ್ಕನೇ ವರ್ಷದಲ್ಲಿ ಜರ್ಮನ್ ಸಂಗೀತಗಾರ ಬಾಖ್‌ನ ಮೊದಲ ಇನ್ವೆನ್ಷನ್ ಹಿಡಿದೆ, ಅಂದರೆ ಎರಡು ಕೈಗೂ ಸಮ ಪಾಲಿರುವ ಒಂದು ಪುಟ್ಟ ರಚನೆ. ಸಿ ಮೇಜರ್ ಸ್ವರಶ್ರೇಣಿಯಲ್ಲಿರುವ ಇದು ಬರೀ 22 ಬಾರ್, ಅಂದರೆ ಬರೆದ ಸಂಗೀತದಲ್ಲಿ ಗೆರೆ ಎಳೆದು ಭಾಗ ಮಾಡಿದ 22 ತಾಳದ ಖಾನೆ. ಆದರೆ ಇಲ್ಲಿ ಎಡಗೈ ಹಿಂದೆ ನಿಂತು ತಾಳ ಹಾಕುವುದಿಲ್ಲ, ಬಲಗೈ ಹೇಳಿದ್ದನ್ನು ತಾನೂ ಹೇಳುತ್ತದೆ, ಕೆಲವೊಮ್ಮೆ ತಾನೇ ಮೊದಲು ಹೇಳುತ್ತದೆ. ಎರಡು ತಿಂಗಳಲ್ಲಿ ಕೈಗೆ ಹತ್ತಬಹುದು ಅಂದುಕೊಂಡಿದ್ದೆ. ಐದು ತಿಂಗಳಾದರೂ ತಾಳ ಎಣಿಸುವ ಮೆಟ್ರೋನೋಮ್ ಯಂತ್ರವನ್ನು ನಿಮಿಷಕ್ಕೆ 60 ಬಡಿತ ದಾಟಿಸಿದ ಕೂಡಲೇ 13ನೇ ಬಾರ್‌ನಲ್ಲಿ ಎಡಗೈ ಮುಗ್ಗರಿಸುತ್ತಿತ್ತು.

ದಿನವೂ ಮುಕ್ಕಾಲು ಗಂಟೆ ತಪ್ಪದೆ ಕೂರುತ್ತಿದ್ದೆ. ಕೂರದೇ ಇದ್ದಿದ್ದರೆ ಕಾರಣ ಗೊತ್ತಿರುತ್ತಿತ್ತು. ಕೂತೂ ಏನೂ ಆಗದಿದ್ದಾಗ ಮನಸ್ಸು ನೇರವಾಗಿ 'ನನಗಿದು ಆಗಿಬರುವುದಿಲ್ಲ' ಅನ್ನುವಲ್ಲಿಗೆ ಹೋಗಿಬಿಡುತ್ತದೆ. ಒಂದು ವಾರ ಮುಚ್ಚಳ ತೆಗೆಯಲೇ ಇಲ್ಲ.

ಪಾಠಕ್ಕೆ ಹೋದಾಗ ಮೇಷ್ಟ್ರ ಹತ್ತಿರ ಇದನ್ನೇ ಹೇಳಿಕೊಂಡೆ. ಅವರು ಸಮಾಧಾನ ಹೇಳಲಿಲ್ಲ. "ಮನೆಯಲ್ಲಿ ಹೇಗೆ ನುಡಿಸ್ತೀರೋ ಹಾಗೇ ನುಡಿಸಿ, ಕೈ ಮಾತ್ರ ಕಾಣೋ ಹಾಗೆ ವಿಡಿಯೊ ಮಾಡ್ಕೊಂಡು ಬನ್ನಿ" ಅಂದರು. ಫೋನನ್ನು ಪುಸ್ತಕಗಳಿಗೆ ಒರಗಿಸಿಟ್ಟು ಮಾಡಿದೆ. ಆಮೇಲೆ 13ನೇ ಬಾರ್ ಬಂದ ಕಡೆಯೆಲ್ಲ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಎಡಗೈಯ ಒಂದೇ ಸ್ವರಕ್ಕೆ ಒಮ್ಮೆ ನಡುಬೆರಳು, ಇನ್ನೊಮ್ಮೆ ಉಂಗುರದ ಬೆರಳು, ಮತ್ತೊಮ್ಮೆ ಅವಸರದಲ್ಲಿ ತೋರುಬೆರಳು. ಐದು ತಿಂಗಳು ನಾನು ಒಂದನ್ನು ಅಭ್ಯಾಸ ಮಾಡಿರಲಿಲ್ಲ, ಮೂರನ್ನು ಬೆರೆಸಿ ಅಭ್ಯಾಸ ಮಾಡಿದ್ದೆ. ಕೈಗೆ ಯಾವುದು ನೆನಪಿರಬೇಕು?

ಅದೇ ವಿಡಿಯೊದಲ್ಲಿ ಇನ್ನೊಂದೂ ಕಂಡಿತು. ತಪ್ಪಿದಾಗಲೆಲ್ಲ ಮೊದಲ ಬಾರ್‌ಗೆ ಓಡಿಹೋಗುತ್ತಿದ್ದೆ. ಹಾಗಾಗಿ ಮೊದಲ ಹನ್ನೆರಡು ಬಾರ್‌ಗಳಿಗೆ ಎಷ್ಟೋ ಸಲ ಅಭ್ಯಾಸ ಸಿಕ್ಕಿತ್ತು, ಕಷ್ಟದ ಜಾಗಕ್ಕೆ ಸಿಕ್ಕಿದ್ದು ಮುಗ್ಗರಿಸುವ ಅಭ್ಯಾಸ ಮಾತ್ರ.

ಅಂದಿನಿಂದ ಕ್ರಮ ತಿರುಗಿಸಿದೆ. ಈ ರಚನೆಯಲ್ಲಿ 7ನೇ ಬಾರ್‌ನಲ್ಲಿ ಒಂದು ನಿಲುಗಡೆ, 15ರಲ್ಲಿ ಏ ಮೈನರ್ ಅನ್ನುವ ಬೇರೆ ಸ್ವರಶ್ರೇಣಿಗೆ ಬಂದು ಇನ್ನೊಂದು. ಮೊದಲು 15ರಿಂದ ಕೊನೆಯವರೆಗೆ ನುಡಿಸುವುದು, ಆಮೇಲೆ 13, 14. ಯಾವ ಸ್ವರಕ್ಕೆ ಯಾವ ಬೆರಳು ಅನ್ನುವ ಅಂಕಿಗಳನ್ನು ಪೆನ್ಸಿಲ್‌ನಲ್ಲಿ ಬರೆದು, ಬೇರೆ ಬೆರಳು ಬಿದ್ದರೆ ಸ್ವರ ಸರಿಯಿದ್ದರೂ ತಪ್ಪೆಂದೇ ಲೆಕ್ಕ. ವೇಗ 44ಕ್ಕೆ ಇಳಿಸಿದೆ. ಹತ್ತು ನಿಮಿಷ ಅಲ್ಲಿ ಕೂತು, ಬೇರೇನೋ ನುಡಿಸಿ, ಮತ್ತೆ ಅಲ್ಲಿಗೆ ಬರುತ್ತಿದ್ದೆ. ಎಷ್ಟೋ ಸಲ ಸಂಜೆ ಬಾರದ್ದು ಮರುದಿನ ಬೆಳಿಗ್ಗೆ ಮೊದಲ ಸಲಕ್ಕೇ ಬಂದಿದೆ. ಕಲಿತ ಚಲನೆ ನಿದ್ದೆಯಲ್ಲಿ ಗಟ್ಟಿಯಾಗುತ್ತದೆ ಅನ್ನುವುದು ನನ್ನ ಕೈಗೇ ಗೊತ್ತಾಯಿತು. ಸುಮ್ಮನೆ ಗಂಟೆ ಹೆಚ್ಚಿಸಿ ಅನ್ನುವ ಸಲಹೆಯನ್ನು ನಾನು ಯಾರಿಗೂ ಕೊಡುವುದಿಲ್ಲ.

ನೋಟ್‌ಬುಕ್‌ನಲ್ಲಿ 'ಅಭ್ಯಾಸ ಮಾಡಿದೆ' ಅಂತ ಬರೆಯುವುದನ್ನೂ ಬಿಟ್ಟೆ. ಯಾವ ಬಾರ್, ಸತತ ಮೂರು ಸಲ ತಪ್ಪಿಲ್ಲದೆ ಬಂದ ವೇಗ ಎಷ್ಟು, ಅಷ್ಟೇ. 44, 46, 46, 44, 48. ಇಡೀ ರಚನೆ ಬಂತೇ ಎಂದು ಕೇಳಿಕೊಂಡರೆ ಉತ್ತರ ದಿನವೂ 'ಇಲ್ಲ'. ಎರಡು ಬಾರ್‌ನ ಲೆಕ್ಕ ಇಟ್ಟರೆ ಮರುದಿನ ಕೂರಲು ಒಂದು ಕಾರಣ ಸಿಗುತ್ತಿತ್ತು.

ಪ್ರತಿ ತಿಂಗಳ ಮೊದಲ ದಿನ ಒಂದು ರೆಕಾರ್ಡಿಂಗ್ ಮಾಡಿ, ಕೇಳದೆ ಎತ್ತಿಡುತ್ತಿದ್ದೆ. ಮೂರು ತಿಂಗಳ ನಂತರ ಮೂರನ್ನೂ ಒಟ್ಟಿಗೆ ಕೇಳಿದೆ. ವೇಗದಲ್ಲಿ ದೊಡ್ಡ ಅಂತರವೇನೂ ಇರಲಿಲ್ಲ. ಆದರೆ ಮೊದಲನೆಯದರಲ್ಲಿ ಹೆಬ್ಬೆರಳು ಬಿದ್ದ ಕಡೆಯೆಲ್ಲ ಸ್ವರ ದಪ್‌ ದಪ್‌ ಎಂದು ಎದ್ದು ನಿಲ್ಲುತ್ತಿತ್ತು. ಮೂರನೆಯದರಲ್ಲಿ ಸಾಲು ಒಂದೇ ಸಮನೆ ಹರಿದಿತ್ತು. ಎಡಗೈ ಮಾತಾಡುವಾಗ ಬಲಗೈ ದನಿ ತಗ್ಗಿಸಿತ್ತು. ಇದನ್ನು ನಾನು ಎಲ್ಲೂ ಬರೆದುಕೊಂಡಿರಲಿಲ್ಲ. ಆ ದಪ್‌ ದಪ್‌ ಮೊದಲ ತಿಂಗಳು ನನಗೆ ಕೇಳಿಸಿಯೇ ಇರಲಿಲ್ಲ. ಕಿವಿ ಬೆರಳಿಗಿಂತ ಬೇಗ ಬೆಳೆದಿತ್ತು, ಅದಕ್ಕೇ ದಿನದಿನಕ್ಕೆ ಕೆಡುತ್ತಿದ್ದೇನೆ ಅನ್ನಿಸುತ್ತಿತ್ತು. ಅವತ್ತು ಕಣ್ಣು ತುಂಬಿ ಬಂತು.

ತೀರಾ ಬೇಸರದ ದಿನಗಳಲ್ಲಿ ಈಗಲೂ ಐದೇ ನಿಮಿಷ ಕೂರುತ್ತೇನೆ, ಕೊನೆಗೆ ಚೆನ್ನಾಗಿ ಬರುವ ಹಳೆಯದೊಂದನ್ನು ನುಡಿಸಿ ಏಳುತ್ತೇನೆ.

ಮೊನ್ನೆ ಮೆಟ್ರೋನೋಮ್ 72ಕ್ಕಿಟ್ಟು ಮೊದಲಿಂದ ನುಡಿಸಿದೆ. 15ನೇ ಬಾರ್‌ಗೆ ಬಂದಾಗಲೇ 13 ದಾಟಿದ್ದು ಗೊತ್ತಾಗಿದ್ದು. ಆ ಖುಷಿಗೆ 19ರಲ್ಲಿ ಕೈ ತಪ್ಪಿತು. ನೋಟ್‌ಬುಕ್ ತೆಗೆದು ಬರೆದೆ: 19–20, ವೇಗ 50.