ಗೇಮ್ ಸಿಮ್ಯುಲೇಷನ್‌ಗಿಂತ ಡ್ಯಾಮೇಜ್ ಕಡಿಮೆ ಬರುತ್ತಿದ್ದರೆ: ನನ್ನ ಅನುಭವ

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಗೇಮ್‌ನಲ್ಲಿ ನನ್ನದು ಡಿಸ್ಟ್ರಕ್ಷನ್ ವಾರ್ಲಾಕ್, ಅಂದರೆ ಸ್ಪೆಲ್ (ಮಂತ್ರ) ಹಾಕಿ ಹೊಡೆಯುವ ಪಾತ್ರ. ಹುಬ್ಬಳ್ಳಿಯಿಂದ ಆಡುತ್ತೇನೆ, ಪಿಂಗ್ (ಸರ್ವರ್‌ಗೆ ಹೋಗಿ ಬರುವ ಸಮಯ) ಸುಮಾರು 180 ಮಿಲಿಸೆಕೆಂಡ್. ಪಾತ್ರ ಎಷ್ಟು ಡ್ಯಾಮೇಜ್ ಮಾಡಬೇಕೆಂದು ಲೆಕ್ಕ ಹಾಕುವ ರೇಡ್‌ಬಾಟ್ಸ್ ಸೈಟ್‌ನ ಸಿಮ್ (ಸಿಮ್ಯುಲೇಷನ್) ತೋರಿಸಿದ್ದಕ್ಕಿಂತ ಡ್ಯಾಮೇಜ್ ಯಾವಾಗಲೂ ಹತ್ತರಲ್ಲಿ ಒಂದು ಭಾಗ ಕಡಿಮೆ.

ಟ್ರಿಂಕೆಟ್ ಬದಲಿಸಿದೆ, ಟ್ಯಾಲೆಂಟ್ ಬದಲಿಸಿದೆ, ಗ್ರಾಫಿಕ್ಸ್ ಇಳಿಸಿದೆ. ಏನೂ ಆಗಲಿಲ್ಲ. ವೈಫೈ ಬಿಟ್ಟು ಕೇಬಲ್ ಹಾಕಿದ್ದೂ ಅಷ್ಟಕ್ಕಷ್ಟೇ.

ದಾರಿ ತೋರಿಸಿದ್ದು ಲಾಗ್, ಅಂದರೆ ಹೊಡೆದಾಟದ ದಾಖಲೆ. ಮೊದಲು ಗೇಮ್ ಆಪ್ಷನ್ಸ್‌ನ ಸಿಸ್ಟಮ್, ನೆಟ್‌ವರ್ಕ್‌ನಲ್ಲಿ ಅಡ್ವಾನ್ಸ್ಡ್ ಕಾಂಬ್ಯಾಟ್ ಲಾಗಿಂಗ್ ಆನ್ ಮಾಡಿ. ಚಾಟ್‌ನಲ್ಲಿ ಸ್ಲ್ಯಾಶ್ ಹಾಕಿ ಕಾಂಬ್ಯಾಟ್‌ಲಾಗ್ ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಡಮ್ಮಿಯನ್ನು (ಅಭ್ಯಾಸದ ಗೊಂಬೆ) ಪೂರ್ತಿ 300 ಸೆಕೆಂಡ್ ಹೊಡೆಯಿರಿ. ಸಿಮ್ ಕೂಡ ಪ್ಯಾಚ್‌ವರ್ಕ್ (ಎದುರಾಳಿ ನಿಂತಲ್ಲೇ ಇರುವ ಕಾಳಗ), ಒಂದೇ ಟಾರ್ಗೆಟ್, 300 ಸೆಕೆಂಡ್ ಇರಲಿ. ಶಕ್ತಿ ಹೆಚ್ಚಿಸುವ ರೇಡ್ ಬಫ್, ಫ್ಲಾಸ್ಕ್, ಫುಡ್ ಎಲ್ಲ ಸಿಮ್‌ನಿಂದ ತೆಗೆಯಿರಿ. ಇದನ್ನು ಮರೆತರೆ ಹೋಲಿಕೆಯೇ ಸುಳ್ಳು, ಅಲ್ವಾ?

ಲಾಗನ್ನು ವಾರ್‌ಕ್ರಾಫ್ಟ್ ಲಾಗ್ಸ್ ಸೈಟ್‌ಗೆ ಹಾಕಿ, ಅಲ್ಲಿನ ಕ್ಯಾಸ್ಟ್ಸ್ ಟೈಮ್‌ಲೈನ್ (ಯಾವ ಸ್ಪೆಲ್ ಯಾವಾಗ ಹೋಯಿತು ಎಂಬ ಪಟ್ಟಿ) ನೋಡಿದೆ. ಎರಡು ಕ್ಯಾಸ್ಟ್ ನಡುವೆ ಪ್ರತಿ ಸಲ ಸುಮಾರು 0.2 ಸೆಕೆಂಡ್ ಖಾಲಿ! ಕಾರಣ ಸ್ಪೆಲ್ ಕ್ಯೂ ವಿಂಡೋ, ಅಂದರೆ ಒಂದು ಸ್ಪೆಲ್ ಮುಗಿಯುವ ಮೊದಲೇ ಮುಂದಿನದನ್ನು ಒತ್ತಿಡಲು ಸಿಗುವ ಸಮಯ. ಹಿಂದೊಮ್ಮೆ ಯಾರೋ ಹೇಳಿದರೆಂದು ಅದನ್ನು 10 ಮಿಲಿಸೆಕೆಂಡ್‌ಗೆ ಇಳಿಸಿದ್ದೆ. ಪಿಂಗ್‌ಗಿಂತ ಅದು ಕಡಿಮೆ ಇದ್ದರೆ ಮುಂದಿನ ಸ್ಪೆಲ್ ಸರ್ವರ್‌ಗೆ ತಡವಾಗಿ ಮುಟ್ಟುತ್ತದೆ.

ಚಾಟ್‌ನಲ್ಲಿ ಸ್ಲ್ಯಾಶ್ ಕನ್ಸೋಲ್, ಸ್ಪೇಸ್, ಸ್ಪೆಲ್‌ಕ್ಯೂವಿಂಡೋ, ಸ್ಪೇಸ್, 400 ಎಂದು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ಡೀಫಾಲ್ಟ್ ಅದೇ. ಆಮೇಲೆ ಪಿಂಗ್‌ಗೆ 100 ಕೂಡಿಸಿ 280 ಇಟ್ಟೆ, ಅದೂ ಸರಿಯಾಗಿದೆ. ಮತ್ತೆ ಲಾಗ್ ತೆಗೆದೆ. ಖಾಲಿ ಜಾಗ ಹೋಗಿತ್ತು, ಡ್ಯಾಮೇಜ್ ಸಿಮ್‌ನ ಹತ್ತಿರ ಬಂದಿತ್ತು.