ಚರ್ಚೆಯ ಒಳಗುಟ್ಟು ತಿಳಿಯದ ತೀರ್ಪುಗಾರರ ಮುಂದೆ

ಮಂಗಳೂರಿನ ಪ್ರೊಟೆಸ್ಟೆಂಟ್ ಕುಟುಂಬದವರಾದ ನಾವು ಅಮೆರಿಕದ ಟೆಕ್ಸಾಸಿನಲ್ಲಿ ನೆಲೆಸಿ, ಮಗನಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದೆವು. ಅವನಿಗೆ 13 ತುಂಬಿದಾಗ, ನಾಲ್ಕು ಜನರೆದುರು ಅಳುಕಿಲ್ಲದೆ ಮಾತನಾಡಲು ಕಲಿಯಲೆಂದು, ಮನೆಶಾಲೆಯ ಕ್ರೈಸ್ತ ಮಕ್ಕಳಿಗಾಗಿ ಎನ್‌ಸಿಎಫ್‌ಸಿಎ ನಡೆಸುವ ಭಾಷಣ ಮತ್ತು ಚರ್ಚಾಸ್ಪರ್ಧೆಗಳಿಗೆ ಸೇರಿಸಿದೆವು. ಮನೆಶಾಲೆ ಕುಟುಂಬಗಳ ಕಾನೂನು ರಕ್ಷಣೆಗೆ ಹುಟ್ಟಿದ ಎಚ್‌ಎಸ್‌ಎಲ್‌ಡಿಎ 1990ರ ದಶಕದಲ್ಲಿ ಆರಂಭಿಸಿದ ಚರ್ಚಾಕೂಟವೇ ಮುಂದೆ ಈ ಸ್ವತಂತ್ರ ಸಂಸ್ಥೆಯಾಯಿತು. 2009ರಲ್ಲಿ ಸ್ಟೋವಾ ಎಂಬ ಇನ್ನೊಂದು ಕೂಟವೂ ಹುಟ್ಟಿತು.

ಸರ್ಕಾರದ ನೀತಿಯೊಂದನ್ನು ಬದಲಿಸಬೇಕೇ ಬೇಡವೇ ಎಂದು ಇಬ್ಬಿಬ್ಬರ ತಂಡಗಳು ವಾದಿಸುವ ಪಾಲಿಸಿ ಚರ್ಚೆಗೆ ವರ್ಷವಿಡೀ ಒಂದೇ ಗೊತ್ತುವಳಿ. ಒಂದು ಸುತ್ತಿನಲ್ಲಿ ಅದರ ಪರ ನಿಂತವರು ಇನ್ನೊಂದರಲ್ಲಿ ವಿರೋಧಿಸಬೇಕು. ಒಬ್ಬೊಬ್ಬರಿಗೂ 8 ನಿಮಿಷದ ವಾದ, ಅದರ ಬೆನ್ನಿಗೇ 3 ನಿಮಿಷದ ಪಾಟೀಸವಾಲು, ಅನಂತರ 5 ನಿಮಿಷದ ಪ್ರತಿವಾದ. ಪುರಾವೆ ಹೆಚ್ಚಿದಷ್ಟೂ ಗೆಲುವು ಹತ್ತಿರ ಎಂದು ನಂಬಿದ್ದ ನಾನು ಅವನ ಕಡತವನ್ನು ತುಂಬಿಸುತ್ತ ಹೋದೆ. ಅವನು ಅದನ್ನೆಲ್ಲ ಒಂದೇ ಉಸಿರಿಗೆ ಓದಿ ಮುಗಿಸಿದ. ಆದರೆ ಇಲ್ಲಿ ತೀರ್ಪುಗಾರರಲ್ಲಿ ಬಹುಪಾಲು ಮಂದಿ ಪೋಷಕರು, ಪಾಸ್ಟರುಗಳು, ನೆರೆಹೊರೆಯವರು. ಮೊದಲ ಸ್ಪರ್ಧೆಯಿಂದ ಬಂದ ಮೂರು ತೀರ್ಪುಪತ್ರಗಳಲ್ಲೂ ಒಂದೇ ದೂರು: ಏನು ಹೇಳಿದನೆಂದು ತಿಳಿಯಲಿಲ್ಲ.

ಆ ಚಳಿಗಾಲ ಅತ್ತೆಯವರು ಊರಿನಿಂದ ಬಂದಿದ್ದರು. ನಿನ್ನ ವಾದವನ್ನು ಅಜ್ಜಿಗೆ ಕನ್ನಡದಲ್ಲಿ ಹೇಳು ಎಂದೆ. ಪಾರಿಭಾಷಿಕ ಪದಗಳೆಲ್ಲ ಉದುರಿಹೋಗಿ, ಎಂಟು ನಿಮಿಷದ ವಾದ ಮೂರಕ್ಕೆ ಇಳಿಯಿತು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಅದಕ್ಕೆ ದುಡ್ಡು ಕೊಡುವುದು ಯಾರು ಮಗಾ?" ಅವನ ಬಳಿ ಉತ್ತರವಿರಲಿಲ್ಲ. ಮುಂದಿನ ಸ್ಪರ್ಧೆಯ ಪಾಟೀಸವಾಲಿನಲ್ಲಿ ಎದುರಾಳಿ ಹುಡುಗಿ ಹಿಡಿದದ್ದೂ ಅದನ್ನೇ. ಅಷ್ಟರಲ್ಲಿ ಅವನು ಲೆಕ್ಕ ಮಾಡಿಕೊಂಡಿದ್ದ.

ಅಪಾಲಜೆಟಿಕ್ಸ್ ಎಂಬ ವಿಶ್ವಾಸ ಸಮರ್ಥನೆಯ ಭಾಷಣದಲ್ಲಿ ನಾನು ಇನ್ನೂ ತಡವಾಗಿ ಎಚ್ಚೆತ್ತೆ. ಪ್ರಶ್ನೆ ಕೈಗೆ ಬಂದ ಮೇಲೆ ತಾನೇ ಬರೆದಿಟ್ಟ ಕಾರ್ಡುಗಳ ಪೆಟ್ಟಿಗೆ ತೆರೆದು, ಕೆಲವೇ ನಿಮಿಷಗಳಲ್ಲಿ ಸಿದ್ಧನಾಗಿ ಮಾತನಾಡಬೇಕು. 1 ಪೇತ್ರ 3:15 ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ ಎನ್ನುವುದರ ಜೊತೆಗೆ ಸಾತ್ವಿಕತೆಯನ್ನೂ ಕೇಳುತ್ತದೆ. ನನ್ನ ಮಗ ಮೊದಲರ್ಧವನ್ನಷ್ಟೇ ಬಾಯಿಪಾಠ ಮಾಡಿದ್ದ. ಕಾರ್ಡುಗಳಲ್ಲಿದ್ದ ಸಿದ್ಧ ಉತ್ತರಗಳನ್ನು ಹೊಡೆದುಹಾಕಿ, ಪ್ರತಿಯೊಂದರ ಮೇಲೂ ಆ ಪ್ರಶ್ನೆ ಕೇಳುವವನ ನಿಜವಾದ ಸಂಕಟವೇನಿರಬಹುದು ಎಂದು ಒಂದು ಸಾಲು ಬರೆಸಿದೆ. ಕೆಲವು ಕಾರ್ಡುಗಳ ಮೇಲೆ ಆ ಸಾಲು ಬರೆಯಲು ಅವನಿಗೆ ವಾರಗಳೇ ಹಿಡಿದವು.